ಬೆನ್ನಾಗ ಚೈನ್ ಇರುವ ದೆವ್ವ: ಮಾಳಿಗೆ ಮೇಲೆ ಲೋ ಬಜೆಟ್ ಹಾರರ್ ಕಾಮಿಡಿ ನೋಡುವುದು ಹೇಗೆ

ಮೂರು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ಶನಿವಾರ ರಾತ್ರಿ, ಹುಬ್ಬಳ್ಳಿಯ ನಮ್ಮ ಮನೆ ಮಾಳಿಗೆ ಮೇಲೆ ಒಂಬತ್ತು ಜನ ಕೂತು ಸಿನಿಮಾ ನೋಡುತ್ತಿದ್ದೆವು. ಪರದೆ ಮೇಲೆ ಒಂದು ರಾಕ್ಷಸ ನಾಯಕಿಯ ಬೆನ್ನು ಹತ್ತಿತ್ತು. ನಾವು ಒಮ್ಮೆ ಚೀರುತ್ತಿದ್ದೆವು, ಮರುಗಳಿಗೆ ಹೊಟ್ಟೆ ಹಿಡಿದು ನಗುತ್ತಿದ್ದೆವು. ಪಕ್ಕದ ಮನೆ ಅಜ್ಜಿ ಕೈಯಲ್ಲಿ ಬ್ಯಾಟರಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದೇ ಬಿಟ್ಟರು.

"ಯಾಕ್ರೋ, ಯಾರಿಗೇನಾತು? ಹಿಂಗ್ಯಾಕ ಚೀರಾಕತ್ತೀರಿ?"

"ಏನಿಲ್ರೀ ಅಜ್ಜಿ, ದೆವ್ವದ ಪಿಚ್ಚರ್."

ಅಜ್ಜಿ ನಿಂತಲ್ಲೇ ಎರಡು ನಿಮಿಷ ನೋಡಿದರು. ಆಮೇಲೆ ಬ್ಯಾಟರಿಯನ್ನು ಪರದೆ ಕಡೆ ತೋರಿಸಿ, "ಅಯ್ಯ ಶಿವನ! ಅದರ ಬೆನ್ನಾಗ ಚೈನ್ ಕಾಣಾಕತ್ತೈತಲ್ಲೋ!" ಅಂದರು. ಹೌದು, ರಬ್ಬರ್ ವೇಷದ ಹಿಂದೆ ಕುತ್ತಿಗೆಯಿಂದ ಸೊಂಟದವರೆಗೆ ಚೈನ್ ಇತ್ತು. ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. ಐದು ನಿಮಿಷ ಬಿಟ್ಟು ಅದೇ ರಾಕ್ಷಸ ಬಾಗಿಲ ಹಿಂದಿನಿಂದ ಧಡಕ್ಕನೆ ಬಂದಾಗ ಎಲ್ಲರಿಗಿಂತ ಜೋರಾಗಿ ಚೀರಿದ್ದು ಅವರೇ.

"ಚೈನ್ ಕಂಡ್ರೂ ಅಂಜಿಕಿ ಬರತೈತಿ ನೋಡು," ಅಂದರು ಆಮೇಲೆ. "ಕಂಪನಿ ನಾಟಕದಾಗೂ ಹಂಗ. ಹಗ್ಗ ಕಾಣತಿತ್ತು. ಆದ್ರೂ ಹಾರಿ ಬರೋ ಹನುಮಪ್ಪಗ ಕೈ ಮುಗೀತಿದ್ವಿ."

ಈ ಸಿನಿಮಾಗಳಲ್ಲಿ ಏನು ಮಜಾ ಇದೆ ಅಂತ ಕೇಳುವವರಿಗೆ ನಾನು ಈಗ ಹೇಳುವುದು ಅಜ್ಜಿಯ ಈ ಮಾತನ್ನೇ. ಹಗ್ಗವೂ ಕಾಣಬೇಕು, ಅಂಜಿಕೆಯೂ ಬರಬೇಕು. ಮೊಬೈಲಿನಲ್ಲಿ ಒಬ್ಬರೇ ನೋಡಿದರೆ ಬರೀ ಹಗ್ಗ ಕಾಣುತ್ತದೆ. ನಾನೂ ಮೊದಲು ಹಾಗೇ ನೋಡಿ, ಅರ್ಧಕ್ಕೆ ಬಿಟ್ಟು, ಎಂಥಾ ದರಿದ್ರ ಸಿನಿಮಾ ಅಂತ ಬೈದವನು. ಆಮೇಲೆ ಹತ್ತಾರು ರಾತ್ರಿ ಮಾಳಿಗೆ ಮೇಲೆ ಕಳೆದು, ಎಡವಿ ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಎಂಥಾ ಸಿನಿಮಾ ಅಂತ ಗುರುತಿಸುವುದು

ಇಂಗ್ಲಿಷಿನಲ್ಲಿ ಇಂಥವನ್ನು ಕ್ಯಾಂಪಿ ಸಿನಿಮಾ ಅಂತಾರೆ. ನಮ್ಮ ಗದಗ, ಹಾವೇರಿ ಕಡೆ ಕ್ಯಾಂಪ್ ಅಂದರೆ ನಾಟಕ ಕಂಪನಿ ಊರಿಗೆ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡುವುದು. ಅರ್ಥ ಬೇರೆ ಬೇರೆ. ಆದರೂ ಬನಶಂಕರಿ ಜಾತ್ರೆಯಲ್ಲಿ ನಿದ್ದೆಗೆಟ್ಟು ಕಂಪನಿ ನಾಟಕ ನೋಡಿದವರಿಗೆ ಆ ಇಂಗ್ಲಿಷ್ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಒಂದು ಕೈ ಜಾಸ್ತಿ, ಅಳು ಒಂದು ಕೈ ಜಾಸ್ತಿ, ಖಳನಾಯಕನ ನಗು ಎರಡು ಕೈ ಜಾಸ್ತಿ.

ಈ ರುಚಿಯ ಬಗ್ಗೆಯೇ 1964ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್ ಒಂದು ಪ್ರಬಂಧ ಬರೆದರು. ಅದರಲ್ಲಿ ಎರಡು ಬಗೆ ಹೇಳುತ್ತಾರೆ. ಒಂದು, ಮುಗ್ಧವಾದದ್ದು. ಮಾಡಿದವರು ನಿಜವಾಗಿ ಒಳ್ಳೇ ಸಿನಿಮಾ ಮಾಡಲು ಹೊರಟು ಜಾರಿ ಬಿದ್ದಿರುತ್ತಾರೆ. ಇನ್ನೊಂದು, ಬೇಕಂತಲೇ ಮಾಡಿದ್ದು. ಅವರಿಗೆ ಮೊದಲನೆಯದೇ ಮೇಲು. ನಾನು ಅರ್ಧ ಒಪ್ಪುತ್ತೇನೆ. ಬೇಕಂತಲೇ ಮಾಡಿದ್ದರಲ್ಲೂ ರತ್ನಗಳಿವೆ. ಆದರೆ 'ನೋಡಿ, ನಾವೆಷ್ಟು ಕೆಟ್ಟದಾಗಿ ಮಾಡಿದ್ದೀವಿ, ನಗಿ' ಅಂತ ನಿಮಿಷಕ್ಕೊಮ್ಮೆ ಕಣ್ಣು ಹೊಡೆಯುವ ಸಿನಿಮಾಗಳೂ ಇವೆಯಲ್ಲ, ಅವುಗಳ ಹತ್ತಿರ ಹೋಗಬೇಡಿ. ಪರೀಕ್ಷೆ ಸುಲಭ. ಮೊದಲ ಹತ್ತು ನಿಮಿಷ ನೋಡಿ. ದೆವ್ವ ಪ್ಲಾಸ್ಟಿಕ್ಕಿನದ್ದಾದರೂ ಪರವಾಗಿಲ್ಲ, ಎದುರಿಗಿರುವ ನಟ ನಿಜವಾಗಿ ಅಂಜಿರಬೇಕು. ಅವನಿಗೇ ನಗು ಬರುತ್ತಿದ್ದರೆ ನಿಮಗೆ ಬರುವುದಿಲ್ಲ.

ದುಡ್ಡಿಲ್ಲದವರು ದೆವ್ವದ ಕಥೆಗೇ ಯಾಕೆ ಕೈ ಹಾಕುತ್ತಾರೆ? ದೆವ್ವದ ಸಿನಿಮಾಕ್ಕೆ ಸ್ಟಾರ್ ಬೇಕಿಲ್ಲ, ದೆವ್ವವೇ ಸ್ಟಾರ್. ಒಂದು ಹಳೇ ಮನೆ, ಆರು ಜನ, ಒಂದಿಷ್ಟು ಹೊಗೆ ಇದ್ದರೆ ಶುರು ಮಾಡಬಹುದು. ಕತ್ತಲೆಗೆ ಬಾಡಿಗೆ ಕೊಡಬೇಕಿಲ್ಲ. ಸೆಟ್ಟಿನ ಅರ್ಧ ಭಾಗ ಕಟ್ಟದೇ ಬಿಟ್ಟರೂ ಕತ್ತಲಲ್ಲಿ ಯಾರಿಗೂ ಗೊತ್ತಾಗಲ್ಲ.

ಹೆಜ್ಜೆ 2: ಯಾವುದನ್ನು ಹಾಕುವುದು

ನನ್ನ ಮೊದಲ ತಪ್ಪು ಇಲ್ಲೇ ಆಗಿದ್ದು. ಉತ್ಸಾಹದಲ್ಲಿ, ಹಿಂದಿಯಲ್ಲಿ ದೆವ್ವದ ಸಿನಿಮಾಕ್ಕೆ ಹೆಸರಾದ ರಾಮ್ಸೇ ಸಹೋದರರ 'ಪುರಾನಾ ಮಂದಿರ್' (1984) ಪೂರ್ತಿ ಹಾಕಿದೆ. ಸುಮಾರು ಎರಡೂವರೆ ಗಂಟೆ, ನಡುನಡುವೆ ಹಾಡು ಬೇರೆ. ಇಂಟರ್‌ವಲ್ ಹೊತ್ತಿಗೆ ನಾಲ್ಕು ಜನ ಚಾಪೆ ಮೇಲೆ ಗೊರಕೆ ಹೊಡೆಯುತ್ತಿದ್ದರು. ಮೊದಲ ರಾತ್ರಿಗೆ ಒಂದೂವರೆ ಗಂಟೆಯೊಳಗಿನ ಸಿನಿಮಾ ಆರಿಸಿ.

ಹಾಗಂತ ರಾಮ್ಸೇಗಳನ್ನು ಬಿಡಬೇಡಿ. ಏಳು ಜನ ಅಣ್ಣತಮ್ಮಂದಿರು. ಒಬ್ಬರು ಕಥೆ, ಒಬ್ಬರು ಕ್ಯಾಮೆರಾ, ಒಬ್ಬರು ಸೌಂಡು, ಒಬ್ಬರು ಎಡಿಟಿಂಗ್, ತುಳಸಿ ಮತ್ತು ಶ್ಯಾಮ್ ನಿರ್ದೇಶನ. ಮನೆ ಮಂದಿಯೇ ಕಂಪನಿ. 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ ಶುರುವಾಗಿ ಎರಡು ದಶಕ ಊರೂರ ಟಾಕೀಸುಗಳಲ್ಲಿ ಜನರನ್ನು ಹೆದರಿಸಿದರು. 'ಪುರಾನಾ ಮಂದಿರ್'ನಲ್ಲಿ ದೆವ್ವಕ್ಕೂ ಸಂಬಂಧವಿಲ್ಲ, ಕಥೆಗೂ ಸಂಬಂಧವಿಲ್ಲ ಎಂಬಂತೆ ನಡುವೆ ಜಗದೀಪ್ ಬಂದು ಮಚ್ಛರ್ ಸಿಂಗ್ ಅನ್ನೋ ಡಕಾಯಿತನಾಗಿ ಗಬ್ಬರ್‌ನ ಅಣಕ ಮಾಡುತ್ತಾರೆ. 'ವೀರಾನಾ'ದಲ್ಲಿ (1988) ಸತೀಶ್ ಶಾ ಹಾರರ್ ಸಿನಿಮಾ ನಿರ್ದೇಶಕನ ಪಾತ್ರ, ಹೆಸರು ಹಾಲಿವುಡ್ಡಿನ ಸಸ್ಪೆನ್ಸ್ ದೊರೆಯದ್ದೇ, ಹಿಚ್‌ಕಾಕ್! ಇವನ್ನು ಪೂರ್ತಿ ಹಾಕುವ ಬದಲು ಒಳ್ಳೇ ಇಪ್ಪತ್ತು ನಿಮಿಷ ಆರಿಸಿ, ಮುಖ್ಯ ಸಿನಿಮಾಕ್ಕೆ ಮುಂಚೆ ತೋರಿಸಿ. ಹಳೇ ಟಾಕೀಸಿನ ನ್ಯೂಸ್ ರೀಲ್ ಇದ್ದ ಹಾಗೆ.

ಮುಗ್ಧ ಜಾತಿಗೆ ಕಿರೀಟ ಅಂದರೆ ಎಡ್ ವುಡ್ ಮಾಡಿದ 'ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್'. ಹಿಂದೆ ಡ್ರಾಕುಲಾ ಆಗಿ ಹೆಸರು ಮಾಡಿದ್ದ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಅವರದ್ದು ಕೈಯಲ್ಲಿದ್ದದ್ದು ಕೆಲವೇ ನಿಮಿಷದ ಫಿಲ್ಮು. ನಿರ್ದೇಶಕ ಎದೆಗುಂದಲಿಲ್ಲ. ತನ್ನ ಹೆಂಡತಿಯ ಬೆನ್ನುಮೂಳೆ ಸರಿ ಮಾಡುವ ವೈದ್ಯನನ್ನು ಕರೆತಂದು, ಮುಖಕ್ಕೆ ಕರಿ ನಿಲುವಂಗಿ ಅಡ್ಡ ಹಿಡಿಸಿ, ಉಳಿದ ಪಾತ್ರ ಮುಗಿಸಿದ. ಆ ವೈದ್ಯ ಲುಗೋಸಿಗಿಂತ ಎತ್ತರ. ಈ ವಿಷಯವನ್ನು ಸಿನಿಮಾಕ್ಕೆ ಮುಂಚೆಯೇ ಹೇಳಿ. ನಿಲುವಂಗಿ ಬಂದಾಗಲೆಲ್ಲ ಮಾಳಿಗೆ ಮೇಲೆ "ಡಾಕ್ಟರ್ ಬಂದ್ರು, ಡಾಕ್ಟರ್ ಬಂದ್ರು" ಅಂತ ಕೂಗು ಏಳುತ್ತದೆ.

ರೋಜರ್ ಕಾರ್ಮನ್‌ನ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' (1960) ಹೊಸಬರಿಗೆ ಬಲು ಚೆನ್ನ. ಮನುಷ್ಯರನ್ನು ತಿನ್ನುವ ಗಿಡದ ಕಥೆ, ಸುಮಾರು 70 ನಿಮಿಷ. ಮುಖ್ಯ ಶೂಟಿಂಗ್ ಎರಡೇ ದಿನದಲ್ಲಿ ಮುಗಿದಿತ್ತು. ಗಿಡ "ಊಟ ಹಾಕು" ಅಂತ ಕೂಗುವುದನ್ನು ಕೇಳಿ ನಮ್ಮ ಗುಂಪಿನ ಮಕ್ಕಳು ಈಗಲೂ ಮನೆಯಲ್ಲಿ ಅದೇ ದನಿಯಲ್ಲಿ ತಾಟು ಬಡಿಯುತ್ತಾರೆ.

ಬೇಕಂತಲೇ ಮಾಡಿದ್ದರಲ್ಲಿ ನನ್ನ ಓಟು 'ಈವಿಲ್ ಡೆಡ್ 2'ಕ್ಕೆ (1987). ನಾಯಕನ ಬಲಗೈಗೆ ದೆವ್ವ ಹೊಕ್ಕಿದೆ. ಅಡುಗೆಮನೆಯಲ್ಲಿ ಅವನ ಕೈಯೇ ಒಂದೊಂದು ತಾಟು ಎತ್ತಿ ಅವನ ತಲೆಗೆ ಒಡೆಯುತ್ತದೆ. ಎದುರಿಗೆ ಇನ್ನೊಬ್ಬರಿಲ್ಲ, ಗ್ರಾಫಿಕ್ಸ್ ಇಲ್ಲ. ಬ್ರೂಸ್ ಕ್ಯಾಂಪ್‌ಬೆಲ್ ಒಬ್ಬನೇ ತನ್ನ ಕೈಯನ್ನು ಬೇರೆಯವರ ಕೈಯಂತೆ ಆಡಿಸುತ್ತಾನೆ. ರಕ್ತ ಜಾಸ್ತಿ, ಮಕ್ಕಳನ್ನು ಮಲಗಿಸಿದ ಮೇಲೆ ಹಾಕಿ. 1981ರ ಮೊದಲ ಭಾಗದಲ್ಲಿ ಒಂದು ಲೈಂಗಿಕ ದೌರ್ಜನ್ಯದ ದೃಶ್ಯ ಇದೆ. ಅದು ತಮಾಷೆಯೂ ಅಲ್ಲ, ಎಲ್ಲರಿಗೂ ನೋಡಲಾಗುವುದೂ ಇಲ್ಲ. ಬಂದವರಿಗೆ ಮೊದಲೇ ಹೇಳಿಬಿಡಿ.

ಮುಂದೆ 'ಲಾರ್ಡ್ ಆಫ್ ದಿ ರಿಂಗ್ಸ್' ಮಾಡಿದ ಪೀಟರ್ ಜಾಕ್ಸನ್‌ನ ಮೊದಲ ಸಿನಿಮಾ 'ಬ್ಯಾಡ್ ಟೇಸ್ಟ್' (1987) ಊಟಕ್ಕೆ ಮುಂಚೆ ಬೇಡ, ಊಟದ ಮೇಲಂತೂ ಬೇಡವೇ ಬೇಡ. ನೌಕರಿ ಮಾಡುತ್ತ, ರಜಾ ದಿನಗಳಲ್ಲಿ ಗೆಳೆಯರ ಜೊತೆ ನಾಲ್ಕು ವರ್ಷ ಎಳೆದು ಮುಗಿಸಿದ ಸಿನಿಮಾ. ಅನ್ಯಗ್ರಹದವರ ಮುಖವಾಡಗಳನ್ನು ಬೇಯಿಸಿದ್ದು ಅವರ ತಾಯಿಯ ಅಡುಗೆಮನೆಯ ಓವನ್ನಿನಲ್ಲಿ.

ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017) ಹಾಕುವುದಾದರೆ ಒಂದು ಷರತ್ತು. ಮೊದಲ 37 ನಿಮಿಷ ಯಾರೂ ಎದ್ದು ಹೋಗಬಾರದು. ಆ ಭಾಗ ಒಂದೇ ಶಾಟ್, ಅದೂ ತೀರಾ ಪೇಲವ ಅನ್ನಿಸುತ್ತದೆ. ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ ಸಿನಿಮಾ, ಗಳಿಸಿದ್ದು ಅದರ ಸಾವಿರ ಪಟ್ಟು. ಯಾಕೆ ಅಂತ ಹೇಳಿದರೆ ನಾನು ಪಾಪಿಯಾಗುತ್ತೇನೆ.

ಕನ್ನಡದಲ್ಲಿ ಉಪೇಂದ್ರ ನಿರ್ದೇಶನದ 'ಶ್!' (1993) ಇದೆ. ಸಿನಿಮಾ ಶೂಟಿಂಗಿಗೆ ಹೋದ ತಂಡಕ್ಕೇ ದೆವ್ವದ ಕಾಟ. ಕೋಮಲ್ ಅವರ 'ನಮೋ ಭೂತಾತ್ಮ' (2014), ದೆವ್ವಗಳೇ ಮನುಷ್ಯರಿಗೆ ಹೆದರುವ 'ಮನೆ ಮಾರಾಟಕ್ಕಿದೆ' (2019) ಕೂಡ ಇವೆ. ಈ ಕೊನೆಯ ಎರಡಕ್ಕೆ ಬಡತನದ ಕಳೆ ಇಲ್ಲ. ನಗು ಬರುವುದು ಮಾತಿನಿಂದ. ಹಿರಿಯರು ಜಾಸ್ತಿ ಇದ್ದ ದಿನ ಇವನ್ನೇ ಹಾಕಿ.

ಹೆಜ್ಜೆ 3: ಜನ ಕೂಡಿಸುವುದು

ಆರರಿಂದ ಹನ್ನೆರಡು ಜನ ಸಾಕು. ನಿಜವಾಗಿ ಅಂಜುವವರು ಒಬ್ಬರಾದರೂ ಇರಲೇಬೇಕು. ಅವರ ಚೀರಾಟದಿಂದಲೇ ಅರ್ಧ ನಗು ಹುಟ್ಟುವುದು. ಒಬ್ಬರು ಹಿರಿಯರಿರಲಿ. 'ಲಾಜಿಕ್ ಎಲ್ಲೈತಿ' ಅಂತ ಕೇಳುವ ಗೆಳೆಯ ಇದ್ದಾನಲ್ಲ, ಅವನನ್ನು ಮರೆತುಬಿಡಿ.

ಸಬ್‌ಟೈಟಲ್ ಓದಲಾಗದವರಿಗೆ ಒಬ್ಬರು ನೇರ ಕಾಮೆಂಟರಿ ಕೊಡಬೇಕು. ಇದನ್ನು ಅನಿವಾರ್ಯಕ್ಕೆ ಶುರು ಮಾಡಿದೆವು, ಈಗ ಇದೇ ಮುಖ್ಯ ಆಕರ್ಷಣೆ. ಧಾರವಾಡದ ಗೆಳೆಯನೊಬ್ಬ ಜಪಾನಿ ಸಿನಿಮಾವನ್ನು ಇಡಿಯಾಗಿ ನಮ್ಮ ಭಾಷೆಗೆ ಡಬ್ ಮಾಡಿದ. ಕಾಲೆಳೆಯುತ್ತ ಬರುವ ಹೆಣ ಅವನ ಬಾಯಲ್ಲಿ, "ಏ ತಮ್ಮಾ, ಸ್ವಲ್ಪ ನಿಲ್ಲೋ, ಬರೇ ಒಂದ ಕಡತ ಕಡಿತೀನಿ" ಅಂದಾಗ ಚಹಾ ಕುಡಿಯುತ್ತಿದ್ದ ಇಬ್ಬರಿಗೆ ನೆತ್ತಿಗೇರಿತ್ತು.

ದಿನ ನೋಡುವಾಗ ಅಮಾವಾಸ್ಯೆ ತಪ್ಪಿಸಿ. ದೆವ್ವಕ್ಕೆ ಹೆದರಿ ಅಲ್ಲ. ಅಮಾಸಿ ದಿನ ದೆವ್ವದ ಪಿಚ್ಚರ್ ಅಂದರೆ ಯಾರ ಮನೆಯಲ್ಲೂ ಅವ್ವ ಕಳಿಸುವುದಿಲ್ಲ.

ಹೆಜ್ಜೆ 4: ಪರದೆ, ಪ್ರೊಜೆಕ್ಟರ್, ಕರೆಂಟು

ಪರದೆಗೆ ದಪ್ಪ ಬಿಳಿ ಬೆಡ್‌ಶೀಟ್ ಒಳ್ಳೆಯದು. ಧೋತರ ತೆಳ್ಳಗೆ, ಬೆಳಕು ಹಿಂದೆ ಹೋಗುತ್ತದೆ. ಬೇಕಾದರೆ ಎರಡು ಪದರು ಮಾಡಿ, ಇಸ್ತ್ರಿ ಮಾಡಿ ಕಟ್ಟಿ. ಕೆಳಗಡೆ ಬಿದಿರಿನ ಗಳ ಕಟ್ಟಿ ಭಾರ ಹಾಕಿ. ಹುಬ್ಬಳ್ಳಿ ಗಾಳಿಗೆ ಒಮ್ಮೆ ನಮ್ಮ ಧೋತರ ಉಬ್ಬಿ, ಪರದೆಯ ಮೇಲಿನ ಮುದುಕಿ ದೆವ್ವದ ಹೊಟ್ಟೆ ಮುಂದೆ ಬಂತು. ಅವತ್ತಿನ ಅತಿ ಭಯಂಕರ ದೃಶ್ಯ ಅದೇ.

ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ. ತೆಗೆದುಕೊಳ್ಳುವಾಗ ಅಲ್ಲೇ ಹಚ್ಚಿ ನೋಡಿ, ಕೇಬಲ್ ಕೇಳಿ ಪಡೆಯಿರಿ. ಮೊಬೈಲಿನಿಂದ ಹಾಕುವ ಯೋಚನೆ ಇದ್ದರೆ ಹಿಂದಿನ ದಿನವೇ ಪರೀಕ್ಷೆ ಮಾಡಿ. ಕೆಲವು ಓಟಿಟಿ ಆ್ಯಪ್‌ಗಳು ಹೀಗೆ ಹಾಕಿದಾಗ ಸೌಂಡು ಕೊಟ್ಟು ಚಿತ್ರವನ್ನು ಕಪ್ಪು ಮಾಡಿಬಿಡುತ್ತವೆ. ಲ್ಯಾಪ್‌ಟಾಪ್ ಇದ್ದರೆ ತಲೆನೋವು ಕಡಿಮೆ. ಸ್ಪೀಕರನ್ನು ಪರದೆಯ ಹಿಂದೆ ಇಡಿ, ಪ್ರೊಜೆಕ್ಟರಿನ ಸ್ವಂತ ಸ್ಪೀಕರ್ ನಂಬಬೇಡಿ. ದೆವ್ವದ ಸಿನಿಮಾದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ.

ಏಪ್ರಿಲ್, ಮೇ ತಿಂಗಳಲ್ಲಿ ಏಳೂಕಾಲಿಗೆ ಮುಂಚೆ ಪರದೆ ಮೇಲೆ ಏನೂ ಕಾಣಲ್ಲ. ಏಳೂವರೆಗೆ ಶುರು ಮಾಡಿ, ಹತ್ತರೊಳಗೆ ಮುಗಿಸಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹಾಗೆ ಹೇಳುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿ. ಇಲ್ಲವೇ ನಮ್ಮ ಹಾಗೆ ಅವರನ್ನೂ ಕೂರಿಸಿಕೊಳ್ಳಿ.

ಮನೆ ಮಂದಿ, ಗೆಳೆಯರು ಕೂತು ನೋಡುವುದು ಬೇರೆ, ಟಿಕೆಟ್ ಇಟ್ಟು ಅಥವಾ ಗಣಪತಿ ಪೆಂಡಾಲಿನಲ್ಲಿ ತೋರಿಸುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಮೇಲೆ ಹೇಳಿದ 1960ರ ಗಿಡದ ಸಿನಿಮಾ ಈ ಲೆಕ್ಕದಲ್ಲಿ ಮುಕ್ತ.

ಹೆಜ್ಜೆ 5: ಬಾಯಿಗೆ

ಗಿರ್ಮಿಟ್ಟಿನ ಒಗ್ಗರಣೆ ಮೊದಲೇ ಮಾಡಿಟ್ಟುಕೊಳ್ಳಿ. ಚುರಮರಿ, ಪುಠಾಣಿ ಹಿಟ್ಟು ಬೇರೆ ಬೇರೆ ಇರಲಿ. ತಿನ್ನುವ ಗಳಿಗೆಗೆ ಕಲಸಬೇಕು, ಇಲ್ಲದಿದ್ದರೆ ಮೆತ್ತಗಾಗಿ ಹಾಳು. ಮಿರ್ಚಿ ಕೆಳಗಿನ ಓಣಿಯಿಂದಲೇ ಬರಲಿ. ಸಿನಿಮಾ ನೋಡುತ್ತ ಎಣ್ಣೆ ಕಾಯಿಸುವ ಸಾಹಸ ಬೇಡ. ಇಷ್ಟೇ.

ಹೆಜ್ಜೆ 6: ನೋಡುವಾಗ

ಟಾಕೀಸಿನ ಶಿಸ್ತು ಇಲ್ಲಿ ಬೇಡ. ಮಾತಾಡಬಹುದು, ಸಿಳ್ಳೆ ಹೊಡೆಯಬಹುದು, ನಾಯಕನಿಗೆ ಬುದ್ಧಿ ಹೇಳಬಹುದು. "ಒಳಗ ಹೋಗಬ್ಯಾಡೋ ಮಾರಾಯಾ" ಅಂತ ಎಲ್ಲರೂ ಕೂಗಿದಾಗ ಅವನು ಒಳಗೆ ಹೋಗೇ ಹೋಗುತ್ತಾನೆ, ಅದು ನಿಶ್ಚಿತ. ಒಂದೇ ನಿಯಮ ಇದೆ: ಬಾಗಿಲು ತೆರೆಯುವ ಹೊತ್ತಿಗೆ ಎಲ್ಲರೂ ಸುಮ್ಮನಾಗಬೇಕು.

ಹೆದರಿಸುವುದು, ನಗಿಸುವುದು ಎರಡೂ ಒಂದೇ ಕಸುಬು. ಮೊದಲು ಏನೋ ಆಗುತ್ತೆ ಅಂತ ನಂಬಿಸಬೇಕು. ಆಮೇಲೆ ಕಾಯಿಸಬೇಕು, ನೀವು ಎಣಿಸಿದ್ದಕ್ಕಿಂತ ಒಂದು ಉಸಿರು ಹೆಚ್ಚಿಗೆ. ಆಮೇಲೆ ಬಿಡಬೇಕು. ಬಾಗಿಲ ಹಿಂದೆ ಹೆಣ ಇದ್ದರೆ ಚೀರುತ್ತೀರಿ, ಬೆಕ್ಕು ಇದ್ದರೆ ನಗುತ್ತೀರಿ. ಕಾಯುವಾಗ ಹೊಟ್ಟೆಯಲ್ಲಿ ಆಗುವ ತಳಮಳ ಮಾತ್ರ ಎರಡಕ್ಕೂ ಒಂದೇ. ಅದಕ್ಕೇ ಕಾಯುವ ಹೊತ್ತಿನಲ್ಲಿ ಚುರಮರಿ ಕರಂ ಕುರುಂ ಅನ್ನಬಾರದು.

ಹಗ್ಗ ಹುಡುಕುವುದೂ ಒಂದು ಆಟ. ಒಬ್ಬೊಬ್ಬರಿಗೆ ಒಂದೊಂದು ಹಂಚಿಕೊಡಿ. ಮೇಲಿನಿಂದ ಇಳಿದ ಮೈಕು ಒಬ್ಬರಿಗೆ. ಹೆಣ ಉಸಿರಾಡುವುದು ಇನ್ನೊಬ್ಬರಿಗೆ. ಹಗಲಲ್ಲಿ ತೆಗೆದು ನೀಲಿ ಬಣ್ಣ ಬಳಿದ ರಾತ್ರಿ ಮತ್ತೊಬ್ಬರಿಗೆ: ನೆಲದ ಮೇಲೆ ಗಟ್ಟಿ ನೆರಳು ಬಿದ್ದಿದ್ದರೆ ಅದು ಬಿಸಿಲು. ಆಮೇಲೆ ಒಂದೇ ಮೊಗಸಾಲೆಯನ್ನು ಮೂರು ಕಡೆಯಿಂದ ತೆಗೆದು ಮೂರು ಮಹಡಿ ಅಂತ ತೋರಿಸಿರುತ್ತಾರೆ. ಗೋಡೆ ಮೇಲಿನ ಫೋಟೋ ನೋಡಿ, ಸಿಕ್ಕಿಬೀಳುತ್ತಾರೆ. ಕಂಡುಹಿಡಿದ ಮೇಲೆ ಆ ಸಿನಿಮಾ ಮೇಲೆ ಸಿಟ್ಟು ಬರುವುದಿಲ್ಲ, ವಿಚಿತ್ರ. ಯಾರೋ ನಾಲ್ಕು ಜನ ದುಡ್ಡಿಲ್ಲದೆ, ನಿದ್ದೆಯಿಲ್ಲದೆ, ಆ ಫೋಟೋ ತೆಗೆಯೋಕೆ ಮರೆತಿದ್ದಾರೆ ಅಂತ ಹತ್ತಿರದವರ ಹಾಗೆ ಅನ್ನಿಸುತ್ತದೆ.

ಇಂಟರ್‌ವಲ್‌ನಲ್ಲಿ ಹಿರಿಯರನ್ನು ಮಾತಿಗೆಳೆಯಿರಿ. 90ರ ದಶಕದಲ್ಲಿ ರಾಜ್ಯದ ಊರೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಕಾಲ ಅವರಿಗೆ ನೆನಪಿರುತ್ತದೆ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ, ಬರಹ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದರೂ ಅದೇ ಬರಹ. ದೆವ್ವವನ್ನು ಸರಕಾರಿ ಕಚೇರಿಯ ಹಾಗೆ ಅಲೆದಾಡಿಸಿದ ಊರುಗಳು ನಮ್ಮವು. ಇದಕ್ಕಿಂತ ಕಡಿಮೆ ಬಜೆಟ್ಟಿನ ಹಾರರ್ ಕಾಮಿಡಿ ಎಲ್ಲಿದೆ? ಒಂದು ಸುಣ್ಣದ ತುಂಡು ಸಾಕು.

ಹೆಜ್ಜೆ 7: ಒಂದು ಸೀನು ನೀವೇ ತೆಗೆಯಿರಿ

ಎರಡು ಮೂರು ಸಿನಿಮಾ ಆದ ಮೇಲೆ ಒಂದು ಭಾನುವಾರ ಇದನ್ನು ಮಾಡಿ. ಆಮೇಲೆ ನೀವು ನೋಡುವ ರೀತಿಯೇ ಬದಲಾಗುತ್ತದೆ.

ಎರಡು ನಿಮಿಷದ ಕಥೆ ಸಾಕು. ಒಂದು ಹೆಣ, ಒಬ್ಬ ಅಂಜುಬುರುಕ, ಕಣ್ಣಿಗೆ ಕಾಣದ ದೆವ್ವ. ಕಾಣದ ದೆವ್ವಕ್ಕೆ ವೇಷದ ಖರ್ಚಿಲ್ಲ. ಅದು ಓಡಿ ಬರುವುದನ್ನು ತೋರಿಸಲು ಸ್ಯಾಮ್ ರೈಮಿ 'ಈವಿಲ್ ಡೆಡ್'ನಲ್ಲಿ ಮಾಡಿದ ಉಪಾಯವನ್ನೇ ಮಾಡಿ. ಉದ್ದನೆಯ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು, ನೆಲಕ್ಕೆ ಹತ್ತಿರವಾಗಿ ಓಡುವುದು. ಹಲಗೆ ಉದ್ದವಿದ್ದಷ್ಟೂ ನಡುವಿನ ಕುಲುಕಾಟ ಕಡಿಮೆ. ನಮ್ಮ ಹಲಗೆ ಐದಡಿ, ಮೊಬೈಲಿಗೆ ನಾಲ್ಕು ರಬ್ಬರ್ ಬ್ಯಾಂಡು. ಓಡುವ ಇಬ್ಬರೂ ಒಂದೇ ಎತ್ತರದವರಿರಲಿ. ಇಲ್ಲದಿದ್ದರೆ ದೆವ್ವ ಕುಂಟುತ್ತದೆ.

ರಕ್ತಕ್ಕೆ ಆ ಸಿನಿಮಾದವರು ಮೆಕ್ಕೆಜೋಳದ ಸಿಹಿ ಪಾಕಕ್ಕೆ ಬಣ್ಣ ಹಾಕಿದ್ದರು. ನಮಗೆ ಶಿರಸಿ ಕಡೆಯ ಪಾಕದಂಥ ಜೋನಿಬೆಲ್ಲ ಇದೆಯಲ್ಲ. ಒಂದು ಬಟ್ಟಲು ಜೋನಿಬೆಲ್ಲಕ್ಕೆ ಅಡುಗೆಯ ಕೆಂಪು ಬಣ್ಣ ಹಾಕಿ ಕಲಸಿ. ಬೆಲ್ಲವೇ ಕಂದು ಇರುವುದರಿಂದ ಕೆಂಪು ತಾನಾಗಿಯೇ ಒಣಗಿದ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಗಟ್ಟಿಯಾದರೆ ಎರಡು ಚಮಚ ನೀರು. ಹಳೇ ಅಂಗಿ ಹಾಕಿ, ಕಲೆ ಹೋಗಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರವೂ ಕಡಿಮೆ ಅಂತ ನಮ್ಮ ಹಾವೇರಿ ಗೆಳೆಯ ಅದರ ಪುಡಿ ತಂದಿದ್ದ. ಖಾರ ಕಡಿಮೆ ಅನ್ನುವುದು ಸಾರಿಗೆ ಹಾಕುವಾಗಿನ ಮಾತು. ಕಣ್ಣಿಗೆ, ಗಾಯಕ್ಕೆ ಅಲ್ಲ. ಪುಡಿಯನ್ನು ವಾಪಸ್ ಕೊಟ್ಟು ಕಳಿಸಿದೆವು.

ಸೌಂಡನ್ನು ಆಮೇಲೆ ಬೇರೆಯಾಗಿ ಸೇರಿಸಿ. ಎಲುಬು ಮುರಿಯುವ ಸದ್ದಿಗೆ ಮೈಕಿನ ಹತ್ತಿರ ಗಜ್ಜರಿ ಮುರಿದರೆ ಸಾಕು. ಬಾಗಿಲ ಕಿರ್ ಸದ್ದು ಎಲ್ಲರ ಮನೆಯಲ್ಲೂ ಪುಕ್ಕಟೆ ಇರುತ್ತದೆ.

ನಾವು ತೆಗೆದದ್ದು ಧಾರವಾಡದ ಗೆಳೆಯನ ಹಿತ್ತಲಲ್ಲಿ, ಹುಣಸೆ ಮರದ ಕೆಳಗೆ. ಕಾಮೆಂಟರಿ ಕೊಡುತ್ತಿದ್ದ ಅವನೇ ಹೆಣ. ಕುತ್ತಿಗೆಯಿಂದ ಎದೆಯವರೆಗೆ ಜೋನಿಬೆಲ್ಲ ಸುರಿದು ಮಲಗಿಸಿದೆವು. ಹಲಗೆ ಹಿಡಿದವರು ಮೂರು ಸಲ ಎಡವಿದರು. ನಾಲ್ಕನೇ ಸಲ ಎಲ್ಲ ಸರಿಯಾಗಿ ಬರುತ್ತಿತ್ತು. ದೆವ್ವ ಗಿಡದ ಸಂದಿಯಿಂದ ನುಗ್ಗಿ, ಹೆಣದ ಮುಖದ ಹತ್ತಿರ ಬಂದು ನಿಂತಿತು. ಅಂಜುಬುರುಕ ಬಗ್ಗಿ ನೋಡಿದ. ಅಷ್ಟರಲ್ಲಿ ಹೆಣದ ಹುಬ್ಬು ಅಲುಗಿತು. ಬಾಯಿ ಸೊಟ್ಟಗಾಯಿತು. ಹೆಣ ಧಡಾರನೆ ಎದ್ದು ಕೂತು ಎರಡೂ ಕೈಯಿಂದ ಎದೆ ಬಡಿದುಕೊಳ್ಳತೊಡಗಿತು.

"ಇರವೀ! ಇರವೀ ಕಡದ್ವು ಯವ್ವಾ!"

ಬೆಲ್ಲಕ್ಕೆ ಹಿತ್ತಲಿನ ಇರುವೆಯೆಲ್ಲ ಬಂದಿತ್ತು. ಅಂಜುಬುರುಕನ ಪಾತ್ರದವ ನಿಜವಾಗಿ ಹೆದರಿ ತುಳಸಿಕಟ್ಟೆ ದಾಟಿ ಓಡಿದ. ಹಲಗೆ ಹಿಡಿದವರು ಅವನ ಬೆನ್ನು ಹತ್ತಿದರು, ಕ್ಯಾಮೆರಾ ಆರಿಸಲಿಲ್ಲ. ಮುಂದಿನ ಶನಿವಾರ ಮಾಳಿಗೆ ಮೇಲೆ ಅದನ್ನೇ ಹಾಕಿದೆವು. ಅಜ್ಜಿ ಎರಡನೇ ಸಲ ಹಾಕಿಸಿ ನೋಡಿದರು. ಮೂರನೇ ಸಲ ಹಾಕುವಾಗ ಪರದೆ ಹತ್ತಿರ ಹೋಗಿ, ಹೆಣದ ಕುತ್ತಿಗೆ ಮೇಲೆ ಬೆರಳಿಟ್ಟು, "ಇಲ್ಲಿ ನೋಡ್ರೋ, ಮೊದಲನೇ ಇರವಿ ಇಲ್ಲೇ ಬಂತು" ಅಂದರು.